ಒಣಗಾಳಿಯ ನಾಡಿನಲ್ಲಿ ಮರದ ಸೌಟು ಕೆತ್ತುವುದು: ಹಸಿ ಕೊಂಬೆಯಿಂದ ಬಾಣಲೆಯವರೆಗೆ

ಸೌಟು ಕೆತ್ತುವುದನ್ನು ತೋರಿಸುವ ವಿಡಿಯೊಗಳಿಗೆ ಈಗ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ತಣ್ಣನೆಯ, ತೇವದ ಊರುಗಳಲ್ಲಿ ತೆಗೆದವು. ಅಲ್ಲಿ ಹಸಿ ಮರದ ತುಂಡನ್ನು ಹಿತ್ತಲಲ್ಲಿ ವಾರಗಟ್ಟಲೆ ಬಿಟ್ಟರೂ ಅಷ್ಟೇನೂ ಕೆಡುವುದಿಲ್ಲ. ಅದನ್ನು ನೋಡಿಕೊಂಡು ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಮಾರ್ಚ್ ತಿಂಗಳಲ್ಲಿ ಒಂದು ಕೊಂಬೆ ಕಡಿದು ಅಂಗಳದಲ್ಲಿಟ್ಟರೆ, ಮರುದಿನ ಸಂಜೆಗೆ ಅದರ ತುದಿಯಲ್ಲಿ ಬಿರುಕು ಎದ್ದಿರುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ನಿಮ್ಮ ಸೌಟನ್ನೂ ಸೀಳುತ್ತದೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು ನಿಜ, ಗಾಳಿ ಬೇರೆಯಾಗಲಿಲ್ಲ.

ಹಾಗಾಗಿ ನಮ್ಮ ಕಡೆ ಈ ಕೆಲಸದಲ್ಲಿ ಅರ್ಧ ಚಾಕುವಿನದು, ಇನ್ನರ್ಧ ನೀರಿನದು. ಮರದೊಳಗಿನ ನೀರು ಯಾವಾಗ ಇರಬೇಕು, ಯಾವಾಗ ಹೋಗಬೇಕು, ಎಷ್ಟು ನಿಧಾನವಾಗಿ ಹೋಗಬೇಕು ಅನ್ನುವುದನ್ನು ನೀವು ನೋಡಿಕೊಂಡರೆ, ಕೆತ್ತನೆ ಕೈಗೆ ತಾನೇ ಬರುತ್ತದೆ.

ಯಾವ ಮರ?

ನನ್ನನ್ನು ಕೇಳಿದರೆ ಮೊದಲು ಪೇರಲ, ಅಂದರೆ ಸೀಬೆ. ಹಿತ್ತಲಿನ ಗಿಡವನ್ನು ಹೇಗೂ ಆಗಾಗ ಸವರುತ್ತೇವೆ. ಅದರ ಎಳೆ ಸಣ್ಣದು, ಮರ ಗಟ್ಟಿ. ಒಣಗಿದ ಮೇಲೆ ಮೇಲ್ಮೈ ನುಣ್ಣಗೆ ಬರುತ್ತದೆ, ಸಾರು ಒಳಗೆ ಇಳಿಯುವಂಥ ದೊಡ್ಡ ರಂಧ್ರಗಳಿಲ್ಲ. ತೋಳಿನ ದಪ್ಪದ ನೆಟ್ಟಗಿನ ಕೊಂಬೆ ಸಿಗುವುದೇ ಸ್ವಲ್ಪ ಕಷ್ಟ.

ಕೈ ಪಳಗಿಸಲು ಮಾವು ಒಳ್ಳೆಯದು. ಹಸಿಯಿದ್ದಾಗ ಮೆತ್ತಗೆ ಕೆತ್ತಿಸಿಕೊಳ್ಳುತ್ತದೆ. ಅದರ ಸೊನೆ ಕೆಲವರ ಚರ್ಮಕ್ಕೆ ಆಗುವುದಿಲ್ಲ, ನೋಡಿಕೊಳ್ಳಿ. ಸಪೋಟ ಭಾರವಾದ ಕೆಂಪು ಮರ, ಸೌಟಿಗೆ ಬಹಳ ಚೆಂದ, ಕೈಗೆ ಮಾತ್ರ ಜಾಸ್ತಿ ದುಡಿಮೆ. ಹಲಸು ಹೊನ್ನಾಳಿ, ಚನ್ನಗಿರಿ ಕಡೆಯವರಿಗೆ ಸಿಗಬಹುದು. ಅದರ ಅಂಟು ಚಾಕುವಿಗೆ ಮೆತ್ತಿಕೊಳ್ಳದಿರಲು ಅಲಗಿಗೆ ಎಣ್ಣೆ ಸವರಿಕೊಂಡು ಕೆಲಸ ಮಾಡಬೇಕು.

ಬೇವು ನಮ್ಮ ಕಡೆ ಎಲ್ಲೆಂದರಲ್ಲಿ ಇದೆ. ವಾಸನೆ, ಕಹಿ ಸ್ವಲ್ಪ ಇರುತ್ತದೆ, ಒಣಗಿಸಿ ಕೆಲವು ಸಲ ತೊಳೆದ ಮೇಲೆ ಕಡಿಮೆಯಾಗುತ್ತದೆ. ಎಳೆ ತಿರುಚಿಕೊಂಡಿರುವ ಬೇವೂ ಉಂಟು, ಸೀಳಿ ನೋಡಿದ ಮೇಲೇ ಗೊತ್ತಾಗುವುದು.

ಹುಣಸೆ ಬೇಡ. ಮಟನ್ ಅಂಗಡಿಯ ಕೊರಡು ಸಾಮಾನ್ಯವಾಗಿ ಹುಣಸೆಯದೇ ಆಗಿರುತ್ತದೆ, ಅಲ್ವಾ? ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಎಷ್ಟು ಕೊಚ್ಚಿದರೂ ಸೀಳುವುದಿಲ್ಲ. ಅದೇ ಗುಣ ಸೌಟು ಕೆತ್ತುವವರಿಗೆ ತಲೆನೋವು. ಆದರೆ ಕೊಡಲಿ ಕೆಲಸಕ್ಕೆ ಕೆಳಗೆ ಇಟ್ಟುಕೊಳ್ಳುವ ಕೊರಡು ಮಾತ್ರ ಹುಣಸೆಯದೇ ಇರಲಿ. ನೀಲಗಿರಿ ಒಣಗುವಾಗ ವಿಪರೀತ ಬಿರಿಯುತ್ತದೆ. ನುಗ್ಗೆ ತೀರಾ ಜಳ್ಳು. ಕಣಗಿಲೆ ವಿಷ, ಗೇರಿನ ಸೊನೆ ಮೈ ಸುಡುತ್ತದೆ, ಕಳ್ಳಿ ಜಾತಿಯದಂತೂ ಮುಟ್ಟಬೇಡಿ. ಗುರುತು ಸಿಗದ ಮರ, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ಬಣ್ಣ ಬಳಿದ ಹಳೇ ಬಾಗಿಲ ಚೌಕಟ್ಟು ಇವು ಯಾವುವೂ ಅಡುಗೆಮನೆಗೆ ಬರಬಾರದು.

ಮರ ತರುವುದು ತೋಟದ ಸವರಿದ ಕೊಂಬೆಯಿಂದ, ಗಾಳಿಗೆ ಬಿದ್ದ ಟೊಂಗೆಯಿಂದ, ಇಲ್ಲವೇ ಸೌದೆ ಡಿಪೋದಿಂದ. ಬೆಣ್ಣೆ ದೋಸೆ ಇನ್ನೂ ಸೌದೆ ಒಲೆಯ ಮೇಲೆ ಬೇಯುವ ಊರು ದಾವಣಗೆರೆ, ಹಾಗಾಗಿ ಸೌದೆ ಇಲ್ಲಿ ಅಪರೂಪವಲ್ಲ. ಡಿಪೋದಲ್ಲಿ ಹೊಸದಾಗಿ ಇಳಿಸಿದ ರಾಶಿಯಿಂದಲೇ ಆರಿಸಿಕೊಳ್ಳಿ, ಹಳೇ ರಾಶಿ ಒಣಗಿ ಕಲ್ಲಾಗಿರುತ್ತದೆ. ಜೋಗಿಮಟ್ಟಿ ಕಾಡಿನಿಂದಾಗಲಿ, ಜಗಳೂರು ಕಡೆಯ ರಂಗಯ್ಯನದುರ್ಗ ವನ್ಯಧಾಮದಿಂದಾಗಲಿ ಒಂದು ಕಡ್ಡಿಯನ್ನೂ ತರಬೇಡಿ. ಸ್ವಂತ ಜಮೀನಿನಲ್ಲಿ ಇಡೀ ಮರ ಕಡಿಯುವುದಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಒಂದು ಸೌಟಿಗೆ ಮರ ಕಡಿಯುವ ಅಗತ್ಯ ಹೇಗೂ ಇಲ್ಲ.

ತಂದ ಕೊಂಬೆಯನ್ನು ಹಸಿಯಾಗಿಯೇ ಇಡುವುದು

ಮರ ಒಣಗುವಾಗ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಕುಗ್ಗುವುದು ಅಡ್ಡಕ್ಕೆ. ಅದರಲ್ಲೂ ವರ್ಷದ ಬಳೆಗಳ ಸುತ್ತಲಿನ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ದುಂಡನೆಯ ಕೊಂಬೆಗೆ ಈ ಎಳೆದಾಟ ತಡೆದುಕೊಳ್ಳಲು ಆಗುವುದಿಲ್ಲ, ತಿರುಳಿನಿಂದ ಹೊರಕ್ಕೆ ಬಿರಿಯುತ್ತದೆ. ನೀರು ಬೇಗ ಆರುವುದು ಕಡಿದ ತುದಿಗಳಿಂದ, ಅದಕ್ಕೇ ಬಿರುಕು ಮೊದಲು ಕಾಣಿಸುವುದೂ ಅಲ್ಲೇ.

ತಂದ ದಿನವೇ ಎರಡೂ ತುದಿಗೆ ಮೇಣವನ್ನೋ ಹಳೇ ಪೇಂಟನ್ನೋ ದಪ್ಪಗೆ ಬಳಿಯಿರಿ. ತೊಗಟೆ ತೆಗೆಯಬೇಡಿ. ಬೇಕಾದ್ದಕ್ಕಿಂತ ಒಂದು ಗೇಣು ಉದ್ದವಾಗಿಯೇ ಇರಲಿ, ತುದಿ ಬಿರಿದರೆ ಕತ್ತರಿಸಿ ಹಾಕಬಹುದು. ಆಮೇಲೆ ಒದ್ದೆ ಗೋಣಿಚೀಲ ಸುತ್ತಿ ನೆರಳಲ್ಲಿ ಇಡಿ. ಒಂದೆರಡು ದಿನದಲ್ಲಿ ಕೆತ್ತಲು ಆಗದಿದ್ದರೆ ಬಕೆಟ್ ನೀರಿನಲ್ಲಿ ಮುಳುಗಿಸಿ, ನೀರು ಆಗಾಗ ಬದಲಾಯಿಸಿ, ಇಲ್ಲದಿದ್ದರೆ ಗಬ್ಬು ನಾತ ಹಿಡಿಯುತ್ತದೆ. ಅರ್ಧ ಕೆತ್ತಿದ ಸೌಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಇಡಬಹುದು. ಮನೆಯವರು ಗೊಣಗುತ್ತಾರೆ, ಅದು ನಿಮಗೆ ಬಿಟ್ಟದ್ದು.

ಕೆತ್ತನೆಗೆ ಒಳ್ಳೆಯ ಕಾಲ ಜುಲೈನಿಂದ ಡಿಸೆಂಬರ್. ಚಳ್ಳಕೆರೆಯಂಥ ಕಡೆ, ಅಂದರೆ ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕಿನಲ್ಲಿ ಬೇಸಿಗೆಯಲ್ಲಿ ಕೆತ್ತುವುದಾದರೆ ಬೆಳಗಿನ ಹೊತ್ತು, ಫ್ಯಾನ್ ಆರಿಸಿ, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡು ಕೂರಿ. ಟೀ ಕುಡಿಯಲು ಎದ್ದರೂ ಸೌಟನ್ನು ಆ ಬಟ್ಟೆಯಲ್ಲಿ ಸುತ್ತಿಯೇ ಏಳಿ.

ಹತ್ಯಾರಗಳು

ನಾಲ್ಕು ಸಾಕು: ಗರಗಸ, ಕೈಗೊಡಲಿ, ನೇರ ಅಲಗಿನ ಚಾಕು, ಬಟ್ಟಲು ತೋಡಲು ಬಾಗಿದ ಚಾಕು ಅಥವಾ ಗುಂಡು ಬಾಯಿಯ ಉಳಿ.

ಸೌದೆ ಸೀಳುವ ಊರ ಕೊಡಲಿಯ ಬಾಯಿ ದಪ್ಪ. ಅದು ಸೀಳುತ್ತದೆಯೇ ಹೊರತು ಹೆರೆಯುವುದಿಲ್ಲ. ಮುಕ್ಕಾಲು ಕೆ.ಜಿ. ಆಸುಪಾಸಿನ ಸಣ್ಣ ಕೊಡಲಿ ತೆಗೆದುಕೊಂಡು, ಬಾಯಿಯನ್ನು ತೆಳ್ಳಗೆ ಸಾಣೆ ಹಿಡಿಸಿ. ಬಡಗಿಗಳ ಬಾಚಿ ಹಿಡಿದು ಅಭ್ಯಾಸ ಇದ್ದವರು ಅದರಲ್ಲೇ ಕೊಡಲಿಯ ಕೆಲಸವೆಲ್ಲ ಮುಗಿಸುತ್ತಾರೆ, ಹೊಸಬರಿಗೆ ನಾನು ಹೇಳುವುದಿಲ್ಲ.

ಚಾಕುವಿಗೆ ಸ್ವೀಡನ್ನಿನ ಮೋರಾ 120 ಅಥವಾ 106, ಬಾಗಿದ್ದಕ್ಕೆ ಮೋರಾ 164, ಇವು ಎಲ್ಲ ಕಡೆಯ ಹೊಸಬರು ತೆಗೆದುಕೊಳ್ಳುವಂಥವು. ಇಲ್ಲಿಗೆ ತರಿಸಿದರೆ ದುಬಾರಿ. ಕುಲುಮೆ ಇನ್ನೂ ಉರಿಯುತ್ತಿರುವ ಊರಲ್ಲಿದ್ದರೆ ಲಾರಿ ಸ್ಪ್ರಿಂಗ್ ಪಟ್ಟಿಯಲ್ಲಿ ಬಾಗಿದ ಚಾಕು ಹೊಡೆಸಿಕೊಳ್ಳಿ. ರಟ್ಟಿನಲ್ಲಿ ಆಕಾರ ಕತ್ತರಿಸಿ ಕೊಟ್ಟರೆ ಕಮ್ಮಾರರಿಗೆ ತಿಳಿಯುತ್ತದೆ: ಎರಡು ಬೆರಳ ಅಗಲದ ಬಾಗು, ಹೊರಮೈ ಇಳಿಜಾರು, ಒಳಮೈ ಚಪ್ಪಟೆ, ಹದ ಚೆನ್ನಾಗಿ ಕೊಟ್ಟಿರಬೇಕು.

ಮೊಂಡು ಚಾಕು ಹರಿತವಾದ ಚಾಕುವಿಗಿಂತ ಅಪಾಯ. ಅದಕ್ಕೆ ಜಾಸ್ತಿ ಒತ್ತಬೇಕು, ಒತ್ತಿದಷ್ಟೂ ಜಾರುತ್ತದೆ. ಸಾಣೆಕಲ್ಲು ಇಲ್ಲದಿದ್ದರೆ ಒಂದು ನಯವಾದ ಟೈಲ್ಸ್ ತುಂಡಿನ ಮೇಲೆ ನೀರಿನಲ್ಲಿ ಬಳಸುವ ಎಮರಿ ಕಾಗದ ಅಂಟಿಸಿ, 400ರಿಂದ ಶುರುಮಾಡಿ 800, 1500, 2000ರವರೆಗೆ ಹೋಗಿ. ಚಾಕುವಿನ ಇಳಿಜಾರು ಪೂರ್ತಿ ಕಾಗದಕ್ಕೆ ಕೂತಿರಲಿ, ಎತ್ತಬೇಡಿ. ಕೊನೆಗೆ ಹಳೇ ಬೆಲ್ಟಿನ ಒಳಮೈ ಮೇಲೆ ಹಿಂದಕ್ಕೆ ಎಳೆದು ಉಜ್ಜಿ. ಬಾಗಿದ ಚಾಕುವಿಗೆ ಅದೇ ಕಾಗದವನ್ನು ಪೆನ್ನಿಗೆ ಸುತ್ತಿ ಒಳಗಡೆ ಆಡಿಸಿ. ಕೆತ್ತಿದ ಜಾಗ ಕನ್ನಡಿಯಂತೆ ಹೊಳೆದರೆ ಅಲಗು ಸರಿಯಿದೆ. ಬಿಳಿ ಗೀರು ಉಳಿದರೆ ಅಲ್ಲಿ ಬಾಯಿ ಮುಕ್ಕಾಗಿದೆ.

ಸೀಳುವುದು

ಸುಮಾರು 30 ಸೆಂ.ಮೀ. ಉದ್ದದ, 10 ಸೆಂ.ಮೀ. ದಪ್ಪದ, ಗಂಟಿಲ್ಲದ ತುಂಡು ಕತ್ತರಿಸಿಕೊಳ್ಳಿ. ಕೊಡಲಿಯನ್ನು ತುದಿಯ ಮೇಲೆ ಸರಿಯಾಗಿ ತಿರುಳಿನ ಗೆರೆಗೆ ಇಟ್ಟು, ಹಿಂದಿನಿಂದ ಮರದ ಕೊಡತಿಯಲ್ಲಿ ಹೊಡೆಯಿರಿ. ಕೊಡಲಿ ಬೀಸಬೇಡಿ.

ಗರಗಸದಲ್ಲಿ ಉದ್ದಕ್ಕೆ ಕೊಯ್ಯುವುದಕ್ಕಿಂತ ಸೀಳುವುದು ಮೇಲು. ಗರಗಸ ನಾವು ಹೇಳಿದ ಕಡೆ ಹೋಗುತ್ತದೆ, ಸೀಳು ಮರದ ಎಳೆ ಹಿಡಿದು ಹೋಗುತ್ತದೆ. ಎಳೆ ತುದಿಯಿಂದ ತುದಿಗೆ ಕಡಿಯದೆ ಹೋದ ಸೌಟಿನ ಹಿಡಿ ತೆಳ್ಳಗಿದ್ದರೂ ಮುರಿಯುವುದಿಲ್ಲ. ಸೀಳಿದ ಮೈ ಪ್ರೊಪೆಲ್ಲರಿನಂತೆ ತಿರುಚಿಕೊಂಡಿದ್ದರೆ ಒಲೆಗೆ ಹಾಕಿ, ಇನ್ನೊಂದು ತುಂಡು ತೆಗೆದುಕೊಳ್ಳಿ.

ಈಗ ಎರಡು ಹೋಳು. ನಡುವಿನ ತಿರುಳನ್ನು ಒಂದು ಸೆಂ.ಮೀ.ನಷ್ಟು ಕೆತ್ತಿ ತೆಗೆಯಿರಿ. ತಿರುಳು ಉಳಿದ ಸೌಟು ಇಂದಲ್ಲ ನಾಳೆ ಬಿರಿಯುತ್ತದೆ, ಇದಕ್ಕೆ ರಿಯಾಯಿತಿ ಇಲ್ಲ. ಕೊನೆಗೆ ನಾಲ್ಕು ಸೆಂ.ಮೀ. ದಪ್ಪ, ಏಳು ಸೆಂ.ಮೀ. ಅಗಲದ ಹಲಗೆ ನಿಮ್ಮ ಕೈಯಲ್ಲಿರಬೇಕು.

ಗೆರೆ ಎಳೆದು ಕೊಡಲಿ ಹಿಡಿಯುವುದು

ಮೊದಲ ಸೌಟು ಊಟದ ಚಮಚ ಆಗುವುದು ಬೇಡ. ತುಟಿಗೆ ತಾಗುವ ವಸ್ತುವಿಗೆ ತೀರಾ ನಾಜೂಕು ಬೇಕು. ಮಂಡಕ್ಕಿ ಒಗ್ಗರಣೆ ಮಗುಚುವ ಸೌಟು ಮಾಡಿ: ಒಟ್ಟು 28 ಸೆಂ.ಮೀ., ಬಟ್ಟಲು ಎಂಟಕ್ಕೆ ಐದೂವರೆ, ಹಿಡಿ ಎರಡು ಸೆಂ.ಮೀ. ಅಗಲ, ತುದಿ ಒಂದು ಪಕ್ಕಕ್ಕೆ ಸ್ವಲ್ಪ ಓರೆ. ಓರೆ ತುದಿ ಬಾಣಲೆಯ ಮೂಲೆಯನ್ನು ಕೆರೆದುಕೊಂಡು ಬರುತ್ತದೆ. ಎಡಗೈಯವರು ಓರೆಯನ್ನು ಉಲ್ಟಾ ಮಾಡಿಕೊಳ್ಳಿ. ಇದೂ ಕಷ್ಟ ಅನ್ನಿಸಿದರೆ ಮೊದಲು ಒಂದು ಮುದ್ದೆ ಕೋಲು ಮಾಡಿ. ಬಟ್ಟಲಿನ ತಾಪತ್ರಯ ಇಲ್ಲ, ಚಾಕು ಹಿಡಿಯುವುದು ಚೆನ್ನಾಗಿ ಬರುತ್ತದೆ.

ನಡುಗೆರೆ ಎಳೆದು, ರಟ್ಟಿನ ಅಚ್ಚು ಇಟ್ಟು ಪೆನ್ಸಿಲಿನಲ್ಲಿ ಆಕಾರ ಬರೆದುಕೊಳ್ಳಿ. ಬಟ್ಟಲಿಗೂ ಹಿಡಿಗೂ ನಡುವೆ ಕುತ್ತಿಗೆ ಬರುವ ಕಡೆ ಎರಡೂ ಬದಿಯಲ್ಲಿ ಗರಗಸದಿಂದ ಗೆರೆಯ ಹತ್ತಿರದವರೆಗೆ ಕೊಯ್ಯಿರಿ. ಆಗ ಹಿಡಿಯ ಕಡೆ ಕೊಡಲಿ ಹಾಕಿದಾಗ ಸೀಳು ಬಟ್ಟಲಿನೊಳಗೆ ನುಗ್ಗದೆ ಅಲ್ಲೇ ನಿಲ್ಲುತ್ತದೆ.

ಹಲಗೆಯನ್ನು ಕೊರಡಿನ ಮೇಲೆ ನಿಲ್ಲಿಸಿ ಮೇಲಿನ ತುದಿಯನ್ನು ಹಿಡಿದುಕೊಳ್ಳಿ. ಹಿಡಿದ ಕೈಗಿಂತ ಕೆಳಗೆ ಮಾತ್ರ ಕೊಡಲಿ ಬೀಳಬೇಕು, ಯಾವತ್ತೂ. ಹಲಗೆಯ ಬುಡ ಕೊರಡಿನ ನಡುವೆ ಇರಲಿ, ಆಗ ಕೊಡಲಿ ತಪ್ಪಿದರೆ ಕೊರಡಿಗೆ ಬೀಳುತ್ತದೆ, ಮೊಣಕಾಲಿಗಲ್ಲ. ಮೊದಲು ಓರೆಯಾಗಿ ಸಣ್ಣ ಸಣ್ಣ ಕಚ್ಚು ಹಾಕಿಕೊಂಡು ಹೋಗಿ, ಆಮೇಲೆ ಅವನ್ನೆಲ್ಲ ಒಂದೇ ಏಟಿಗೆ ಮೇಲಿನಿಂದ ಸವರಿ ಬೀಳಿಸಿ. ತೋಳಿನ ಬಲ ಬೇಡ, ಕೊಡಲಿಯ ತೂಕವೇ ಕೆಲಸ ಮಾಡಲಿ. ಪೆನ್ಸಿಲ್ ಗೆರೆಗೆ ಮೂರು ಮಿ.ಮೀ. ಉಳಿದಾಗ ಕೊಡಲಿ ಕೆಳಗಿಡಿ.

ಪಕ್ಕದಿಂದ ನೋಡಿದಾಗ ಸೌಟು ಹಲಗೆಯಂತೆ ನೆಟ್ಟಗೆ ಇರಬಾರದು. ಬಟ್ಟಲಿನ ಮುಂತುದಿ ಮತ್ತು ಹಿಡಿಯ ತುದಿ ಮೇಲಿರಬೇಕು, ಕುತ್ತಿಗೆಯ ಹತ್ತಿರ ಮೇಲ್ಮೈ ತುಸು ತಗ್ಗಬೇಕು. ಈ ತಗ್ಗನ್ನೂ ಈಗಲೇ ಕೊಡಲಿಯಲ್ಲಿ ತೆಗೆದುಬಿಡಿ.

ಎಳೆ ಹೇಳಿದ ಕಡೆಗೆ ಚಾಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮರವನ್ನು ಒಂದು ಕಟ್ಟು ಪೊರಕೆ ಕಡ್ಡಿ ಅಂದುಕೊಳ್ಳಿ. ಕಟ್ಟನ್ನು ಓರೆಯಾಗಿ ಹೆರೆಯುವಾಗ ಎತ್ತರದ ಕಡೆಯಿಂದ ತಗ್ಗಿನ ಕಡೆಗೆ ಬಂದರೆ, ಪ್ರತಿ ಕಡ್ಡಿಗೂ ಕೆಳಗಿನ ಕಡ್ಡಿಯ ಆಸರೆ ಇರುತ್ತದೆ, ನಯವಾಗಿ ತುಂಡಾಗುತ್ತದೆ. ತಗ್ಗಿನಿಂದ ಎತ್ತರಕ್ಕೆ ಹೋದರೆ ಚಾಕು ಕಡ್ಡಿಗಳ ಸಂದಿಗೆ ನುಗ್ಗಿ ಅವನ್ನು ಎಬ್ಬಿಸುತ್ತದೆ.

ಸೌಟಿನ ಕುತ್ತಿಗೆಯಲ್ಲಿ ಎರಡು ಇಳಿಜಾರು ಸೇರುತ್ತವೆ: ಬಟ್ಟಲಿನ ಅಗಲದಿಂದ ಕೆಳಗಿಳಿಯುವುದು ಒಂದು, ಹಿಡಿಯ ಕಡೆಯಿಂದ ಇಳಿಯುವುದು ಇನ್ನೊಂದು. ಬಟ್ಟಲಿನ ಭುಜದಿಂದ ಚಾಕು ಇಳಿಸಿ. ಚಕ್ಕೆ ಉದ್ದಕ್ಕೆ ಸುರುಳಿ ಸುತ್ತಿಕೊಂಡು ಏಳುತ್ತದೆ, ಸದ್ದು ಸರ್ರನೆ ಒಂದೇ ಸಮ ಬರುತ್ತದೆ. ತಗ್ಗಿನ ತಳ ದಾಟಿ ಒಂದು ನೂಲಿನಷ್ಟು ಮುಂದೆ ಹೋದರೆ ಸದ್ದು ಬದಲಾಗುತ್ತದೆ, ಚಟ್ ಅನ್ನುತ್ತದೆ, ಚಾಕು ಒಳಕ್ಕೆ ಎಳೆದಂತಾಗುತ್ತದೆ. ಅಲ್ಲೇ ನಿಲ್ಲಿ. ಸೌಟು ತಿರುಗಿಸಿ ಹಿಡಿಯ ಕಡೆಯಿಂದ ಅದೇ ತಳಕ್ಕೆ ಬನ್ನಿ. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ, ಹಾಗಾಗಿ ಹಾಡು ಹಾಕಿಕೊಂಡು ಕೆತ್ತಬೇಡಿ.

ಚಾಕು ಹಿಡಿಯುವ ಬಗೆ ಮೂರು ಕಲಿತರೆ ಆಯಿತು. ಒಂದು, ಸೌಟು ಹಿಡಿದ ಕೈಯ ಹೆಬ್ಬೆರಳಿನಿಂದ ಚಾಕುವಿನ ಬೆನ್ನನ್ನು ತಳ್ಳುವುದು. ಸಣ್ಣ ಕೆತ್ತನೆಗಳಿಗೆ ಇದೇ ಹೆಚ್ಚು. ಎರಡು, ಎರಡೂ ಕೈಯನ್ನು ಎದೆಗೆ ಒತ್ತಿ, ಅಲಗು ಹೊರಗೆ ಮಾಡಿ, ಬೆನ್ನಿನ ಬಲದಿಂದ ಕೈಗಳನ್ನು ಅಗಲಿಸುವುದು. ಹಿಡಿ ತೆಳ್ಳಗೆ ಮಾಡಲು ಇದು. ಮೂರು, ಸೌಟಿನ ತುದಿಯನ್ನು ಎದೆಗೆ ಆನಿಸಿ ಚಾಕುವನ್ನು ತನ್ನ ಕಡೆಗೆ ಎಳೆಯುವುದು. ಇದಕ್ಕೆ ಮೊಣಕೈ ಪಕ್ಕೆಗೆ ಅಂಟಿರಬೇಕು, ಆಗ ಚಾಕು ಎದೆಯವರೆಗೆ ಬರಲು ಸಾಧ್ಯವೇ ಇಲ್ಲ. ಧೈರ್ಯ ಬರುವವರೆಗೆ ಮೂರನೆಯದನ್ನು ಬಿಡಿ.

ತೊಡೆಗಳ ನಡುವೆ ಸೌಟು ಇಟ್ಟು ಕೆತ್ತಬೇಡಿ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಇದೆ, ಅಲ್ಲಿ ಗಾಯವಾದರೆ ಆಸ್ಪತ್ರೆಗೆ ಹೋಗುವಷ್ಟೂ ಪುರುಸೊತ್ತು ಸಿಗದೇ ಇರಬಹುದು. ಮೊಣಕೈಗಳನ್ನು ಮೊಣಕಾಲ ಮೇಲೆ ಊರಿ, ಮೊಣಕಾಲಿನ ಆಚೆಗೆ ಕೆತ್ತಿ. ಸೌಟು ಹಿಡಿದ ಕೈಗೆ ಗ್ಲೌಸ್ ಹಾಕಿದರೆ ನಾಚಿಕೆಯೇನೂ ಇಲ್ಲ.

ಬಟ್ಟಲು ತೋಡುವುದು

ಹೊರಮೈಯನ್ನು ಪೂರ್ತಿ ತೆಳ್ಳಗೆ ಮಾಡುವ ಮೊದಲೇ ಒಳಗೆ ತೋಡಿ. ಹೊರಗೆ ದಪ್ಪ ಇದ್ದರೆ ಹಿಡಿಯಲು ಗಟ್ಟಿ, ಮತ್ತು ಒಳಗಿನ ಆಳ ನೋಡಿಕೊಂಡು ಹೊರಗಿನದನ್ನು ಹೊಂದಿಸಬಹುದು. ಅಂಚಿನಿಂದ ಐದು ಮಿ.ಮೀ. ಒಳಗೆ ಇನ್ನೊಂದು ಗೆರೆ ಎಳೆದು ಅದರೊಳಗೆ ಮಾತ್ರ ಕೆಲಸ ಮಾಡಿ.

ಬಾಗಿದ ಚಾಕುವನ್ನು ಎಳೆಗೆ ಅಡ್ಡಲಾಗಿ ಆಡಿಸಿ, ಬಟ್ಟಲಿನ ಒಂದು ಬದಿಯಿಂದ ನಡುವಿಗೆ. ನಡುವಿನಿಂದ ಶುರುಮಾಡಿ ತಗ್ಗನ್ನು ಹಿಗ್ಗಿಸುತ್ತಾ ಬನ್ನಿ. ಚಾಕು ಬರುವ ದಾರಿಯಲ್ಲಿ ಹೆಬ್ಬೆರಳು ಅಂಚಿನ ಮೇಲೆ ಚಾಚಿಕೊಂಡಿರಬಾರದು, ಅಂಚಿನ ಕೆಳಗೆ ಇರಬೇಕು. ಹೊಸಬರ ಹೆಬ್ಬೆರಳಿಗೆ ಗಾಯವಾಗುವುದು ಹೆಚ್ಚಾಗಿ ಇಲ್ಲೇ. ಉಳಿ ಬಳಸುವವರು ಸೌಟನ್ನು ಹಲಗೆಗೆ ಕ್ಲ್ಯಾಂಪ್ ಹಾಕಿ ಬಿಗಿದು ಕೊಡತಿಯಲ್ಲಿ ತಟ್ಟಿ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಉಳಿ, ಅದು ಬೇಡವೇ ಬೇಡ.

ಆಳ ಒಂದೂವರೆ ಸೆಂ.ಮೀ. ಆದರೆ ಮಗುಚುವ ಸೌಟಿಗೆ ಬೇಕಾದಷ್ಟಾಯಿತು. ಅಂಚು ನಾಲ್ಕು ಮಿ.ಮೀ., ತಳ ಐದಾರು. ಹೆಬ್ಬೆರಳು ಒಳಗೆ, ತೋರುಬೆರಳು ಹೊರಗೆ ಇಟ್ಟು ಸುತ್ತ ಆಡಿಸಿದರೆ ದಪ್ಪ ಗೊತ್ತಾಗುತ್ತದೆ. ಈ ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದು ಚೆಂದಕ್ಕಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳುವಿದ್ದರೆ ತೆಳು ಭಾಗ ಮೊದಲು ಒಣಗಿ ಕುಗ್ಗುತ್ತದೆ, ದಪ್ಪ ಭಾಗ ಬಿಡುವುದಿಲ್ಲ, ನಡುವೆ ಬಿರಿಯುತ್ತದೆ. ಕುತ್ತಿಗೆ ಮಾತ್ರ ಪಕ್ಕದಿಂದ ನೋಡಿದಾಗ ಒಂದೂವರೆ ಸೆಂ.ಮೀ.ಗಿಂತ ಕಡಿಮೆ ಆಗದಿರಲಿ.

ಒಣಗಿಸುವುದು

ಒಂದು ಪೇಪರ್ ಕವರಿಗೆ, ಇಲ್ಲವೇ ನಾಲ್ಕು ಪದರ ನ್ಯೂಸ್‌ಪೇಪರಿಗೆ, ಕೆತ್ತಿದ ಹಸಿ ಚಕ್ಕೆಗಳ ಜೊತೆಗೇ ಸೌಟನ್ನು ಹಾಕಿ ಸುತ್ತಿ. ಚಕ್ಕೆಗಳ ತೇವ ಸೌಟು ಆರುವುದನ್ನು ತಡೆಹಿಡಿಯುತ್ತದೆ. ಒಳಕೋಣೆಯಲ್ಲಿ, ಕಿಟಕಿ ಮತ್ತು ಫ್ಯಾನಿನಿಂದ ದೂರ ಇಡಿ. ಬಿಸಿಲಿಗೆ ಮಾತ್ರ ಬೇಡ, ಎಷ್ಟೇ ಅವಸರವಿದ್ದರೂ. ಮಳೆಗಾಲದಲ್ಲಿ ಬೂಸಲು ಬರಬಹುದು, ಎರಡು ದಿನಕ್ಕೊಮ್ಮೆ ಬಿಚ್ಚಿ ಚಕ್ಕೆ ಬದಲಾಯಿಸಿ. ಬೇಸಿಗೆಯಲ್ಲಿ ಆ ಪೇಪರ್ ಕಟ್ಟನ್ನು ಬಾಯಿ ತೆರೆದ ಪ್ಲಾಸ್ಟಿಕ್ ಕವರಿನಲ್ಲೂ ಇಡಿ.

ಒಣಗಿತೋ ಇಲ್ಲವೋ ತಿಳಿಯಲು ಅಡುಗೆಮನೆಯ ತಕ್ಕಡಿ ಇದ್ದರೆ ಸಾಕು. ದಿನಾ ತೂಗಿ ಬರೆದಿಡಿ. ತೂಕ ಎರಡು ಮೂರು ದಿನ ಒಂದೇ ನಿಂತರೆ ನೀರು ಹೋಗಬೇಕಾದಷ್ಟು ಹೋಗಿದೆ. ಮರದ ಮೇಲೆ ಹೊಂದಿಕೊಂಡು ಇದಕ್ಕೆ ಒಂದು ವಾರವೂ ಆಗಬಹುದು, ಮೂರು ವಾರವೂ ಹಿಡಿಯಬಹುದು. ಬಟ್ಟಲು ತುಸು ಕಿರಿದಾಗಿರುತ್ತದೆ, ಹಿಡಿ ಸ್ವಲ್ಪ ಸೊಟ್ಟಗಾಗಿರಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕೊನೆಯ ಕೈ ಮತ್ತು ಎಣ್ಣೆ

ಒಣಗಿದ ಮರ ಗಟ್ಟಿ. ಚಾಕುವನ್ನು ಮತ್ತೊಮ್ಮೆ ಹರಿತ ಮಾಡಿಕೊಂಡು ಇಡೀ ಮೈ ಮೇಲೆ ತೆಳ್ಳನೆಯ ಚಕ್ಕೆ ತೆಗೆಯುತ್ತಾ ಬನ್ನಿ. ಅಂಚುಗಳ ಚೂಪು ಮುರಿಯಿರಿ. ಉಪ್ಪುಕಾಗದ ಹಾಕಬೇಕೋ ಬೇಡವೋ ಅನ್ನುವ ಜಗಳ ಮುಗಿಯುವಂಥದ್ದಲ್ಲ. ಹರಿತವಾದ ಚಾಕು ಬಿಟ್ಟ ಮೈ ನೀರಿಗೆ ಅಷ್ಟಾಗಿ ಒರಟಾಗುವುದಿಲ್ಲ, ನನಗೆ ಅದೇ ಇಷ್ಟ. ಆದರೆ ಬಟ್ಟಲಿನ ಒಳಗೆ ಕಾಗದ ಹಾಕಿದರೆ ತೊಳೆಯಲು ಸುಲಭ ಅನ್ನುವುದೂ ಸುಳ್ಳಲ್ಲ. ಹಾಕುವುದಾದರೆ 120, 180, 240, 320 ಹೀಗೆ ಏರಿಸಿ. ನಡುವೆ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಎದ್ದ ನಾರನ್ನು ಮತ್ತೆ ಉಜ್ಜಿ.

ಎಣ್ಣೆ ಅಂದಕೂಡಲೇ ನಮ್ಮವರ ಕೈ ಚಳ್ಳಕೆರೆಯ ಶೇಂಗಾ ಎಣ್ಣೆ ಡಬ್ಬದ ಕಡೆ ಹೋಗುತ್ತದೆ. ಒಗ್ಗರಣೆಗೆ ಅದು ಸರಿ, ಸೌಟಿಗೆ ಅಲ್ಲ. ಶೇಂಗಾ ಎಣ್ಣೆ ಮರದೊಳಗೆ ಗಟ್ಟಿಯಾಗುವುದಿಲ್ಲ, ಹಸಿಯಾಗಿಯೇ ಉಳಿದು ಕೆಲವು ವಾರಕ್ಕೆ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಒಳಗೇ ಗಟ್ಟಿಯಾಗುತ್ತದೆ. ಗಾಣದಲ್ಲಿ ತೆಗೆದ, ತಿನ್ನುವಂಥ ಅಗಸೆ ಎಣ್ಣೆಯೇ ಆಗಬೇಕು. ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ, ಅದು ಅಡುಗೆಗೆ ಬೇಡ. ಅಗಸೆ ಸಿಗದಿದ್ದರೆ ಕೊಬ್ಬರಿ ಎಣ್ಣೆ ನಡೆಯುತ್ತದೆ. ಅದೂ ಗಟ್ಟಿಯಾಗುವುದಿಲ್ಲ, ಆದರೆ ಬೇಗ ಕಮಟುವುದಿಲ್ಲ, ಆಗಾಗ ಹಚ್ಚುತ್ತಿರಬೇಕು ಅಷ್ಟೇ.

ಧಾರಾಳವಾಗಿ ಹಚ್ಚಿ ಅರ್ಧ ಗಂಟೆ ಬಿಟ್ಟು, ಮೇಲೆ ನಿಂತ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಮರುದಿನ ಇನ್ನೊಮ್ಮೆ. ಆಮೇಲೆ ಒಂದೆರಡು ವಾರ ಗಾಳಿಯಾಡುವ ಕಡೆ ತೂಗುಹಾಕಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ತಂತಿಯ ಮೇಲೆ ಹರಡಿ ಒಣಗಿಸಿ, ಅಥವಾ ನೀರಲ್ಲಿ ನೆನೆಸಿ ಬಿಸಾಡಿ.

ಬಳಕೆ

ಬಳಸಿದ ಕೂಡಲೇ ತೊಳೆದು, ಬಟ್ಟಲು ಮೇಲೆ ಮಾಡಿ ನಿಲ್ಲಿಸಿ. ಸಿಂಕಿನಲ್ಲಿ ರಾತ್ರಿಯಿಡೀ ನೆನೆಯಲು ಬಿಟ್ಟರೆ ನೀರು ಕುಡಿದು ಹಿಗ್ಗುತ್ತದೆ, ಬೆಳಿಗ್ಗೆ ಬಿಸಿಲಿಗಿಟ್ಟರೆ ಕುಗ್ಗಿ ಬಿರಿಯುತ್ತದೆ. ಅರಿಸಿನದ ಬಣ್ಣ ಹಿಡಿದೇ ಹಿಡಿಯುತ್ತದೆ, ಉಜ್ಜಿ ತೆಗೆಯಲು ಹೋಗಬೇಡಿ. ಮೈ ಬೆಳ್ಳಗೆ, ಒರಟಾಗಿ ಕಂಡಾಗ 320ರ ಕಾಗದ ಮೆಲ್ಲಗೆ ಆಡಿಸಿ ಒಂದು ಕೈ ಎಣ್ಣೆ ಹಚ್ಚಿ. ಬಟ್ಟಲಿನಲ್ಲಿ ಬಿರುಕು ಬಿಟ್ಟರೆ ಅಂಟು ತುಂಬುವ ಸಾಹಸ ಬೇಡ, ಬಿರುಕಿನೊಳಗೆ ಅನ್ನ, ಸಾರು ಸೇರಿಕೊಂಡು ಕೊಳೆಯುತ್ತದೆ. ಬಿರುಕು ಹಿಡಿಯಲ್ಲಿದ್ದರೆ ಅಷ್ಟು ಕತ್ತರಿಸಿ ಗಿಡ್ಡ ಮಾಡಿ, ಉಪ್ಪಿನ ಡಬ್ಬಿಗೋ ಚಟ್ನಿಪುಡಿಗೋ ಇಟ್ಟುಕೊಳ್ಳಿ.